ಹಳೆಯ ಹೈ-ಫೈ ಸೆಟ್ಟು: ರಿಪೇರಿ ಸಾಕೋ, ಪೂರ್ತಿ ಕೆಲಸ ಬೇಕೋ, ಬದಲಾವಣೆ ಮಾಡಿಸುವುದೋ?

ಮೈಸೂರಿನ ಸರಸ್ವತಿಪುರಂ, ಒಂಟಿಕೊಪ್ಪಲು, ಚಾಮರಾಜಪುರಂ ಕಡೆಯ ಹಳೆ ಮನೆಗಳ ಷೋಕೇಸಿನಲ್ಲಿ ಇವತ್ತಿಗೂ ಒಂದು ಆಂಪ್ಲಿಫೈಯರ್ ಕೂತಿರುತ್ತದೆ. ಕಾಸ್ಮಿಕ್ ಇರಬಹುದು, ಸೋನೋಡೈನ್ ಇರಬಹುದು. ಗಲ್ಫಿನಲ್ಲಿದ್ದ ನೆಂಟರು ತಂದ ಸಾನ್ಸುಯಿಯೋ ಪಯೋನಿಯರೋ ಇರಬಹುದು. ಪಾಂಡವಪುರ, ಮದ್ದೂರಿನ ಕಡೆ ತೊಟ್ಟಿಮನೆಗಳಲ್ಲಾದರೆ ಮರದ ಪೆಟ್ಟಿಗೆಯ ವಾಲ್ವ್ ರೇಡಿಯೋ. ಎಸೆಯಲು ಮನಸ್ಸಿಲ್ಲ, ಅದು ಹಾಡುವುದೂ ಇಲ್ಲ. ಮತ್ತೆ ಎಲ್‌ಪಿ ಕೇಳುವ ಆಸೆ ಹುಟ್ಟಿದಾಗ ಪ್ರಶ್ನೆ ಬರುತ್ತದೆ: ಕೆಟ್ಟದ್ದನ್ನಷ್ಟೇ ಸರಿ ಮಾಡಿಸಬೇಕಾ, ಒಳಗಿನ ಹಳೆ ಭಾಗಗಳನ್ನೆಲ್ಲ ತೆಗೆದು ಹೊಸದು ಹಾಕಿಸಬೇಕಾ, ಇಲ್ಲ ಮೊದಲಿಗಿಂತ ಚೆನ್ನಾಗಿ ಹಾಡುವಂತೆ ಬದಲಾಯಿಸಬೇಕಾ?

ಇವು ಮೂರು ಬೇರೆ ಬೇರೆ ಕೆಲಸಗಳು. ಖರ್ಚು ಬೇರೆ, ಫಲ ಬೇರೆ, ಅಪಾಯವೂ ಬೇರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಸೆಟ್ಟು ಮೊದಲು ಸುರಕ್ಷಿತವಾಗಬೇಕು. ಆಮೇಲೆ ಕಾರ್ಖಾನೆಯಿಂದ ಬಂದ ದಿನ ಹೇಗೆ ಹಾಡುತ್ತಿತ್ತೋ ಹಾಗೆ ಹಾಡಬೇಕು. ಅಷ್ಟಾದ ಮೇಲೂ ಕೈಯಲ್ಲಿ ದುಡ್ಡಿದ್ದರೆ ಅದು ರೆಕಾರ್ಡ್ ಪ್ಲೇಯರಿನ ಮುಳ್ಳಿಗೆ ಮತ್ತು ಸ್ಪೀಕರಿಗೆ ಹೋಗಬೇಕು. ಆಂಪ್ಲಿಫೈಯರಿನ ಒಳಗೆ ದುಬಾರಿ ಕಂಡೆನ್ಸರ್ (ಕರೆಂಟ್ ಹಿಡಿದಿಟ್ಟು ಬಿಡುವ ಭಾಗ, ಕೆಪಾಸಿಟರ್) ತುಂಬಿಸುವುದು ಕೊನೆಯ ಮಾತು.

ಸ್ವಿಚ್ ಹಾಕುವ ಮುಂಚೆ

ಇಪ್ಪತ್ತು ವರ್ಷ ಸುಮ್ನೆ ಕೂತ ಸೆಟ್ಟನ್ನು "ಹಾಡುತ್ತಾ ನೋಡೋಣ" ಅಂತ ನೇರ ಪ್ಲಗ್ಗಿಗೆ ಹಾಕಬೇಡಿ. ಎಲೆಕ್ಟ್ರೋಲಿಟಿಕ್ ಕಂಡೆನ್ಸರಿನ ಒಳಗೆ ಅಲ್ಯೂಮಿನಿಯಂ ಹಾಳೆಯ ಮೇಲೆ ಒಂದು ತೆಳು ಆಕ್ಸೈಡ್ ಪದರ ಇರುತ್ತದೆ. ಕರೆಂಟ್ ಕಾಣದೆ ವರ್ಷಗಟ್ಟಲೆ ಇದ್ದರೆ ಆ ಪದರ ಸವೆಯುತ್ತದೆ. ಒಮ್ಮೆಲೇ ಪೂರ್ತಿ ವೋಲ್ಟೇಜ್ ಬಿದ್ದರೆ ಕಂಡೆನ್ಸರ್ ಶಾರ್ಟ್ ಆಗಬಹುದು, ಅದರ ಜೊತೆ ಟ್ರಾನ್ಸ್‌ಫಾರ್ಮರೂ ಸುಡಬಹುದು. ಕಂಡೆನ್ಸರ್ ಹೊಸದು ಸಿಗುತ್ತದೆ. ಆ ಟ್ರಾನ್ಸ್‌ಫಾರ್ಮರ್ ಸಿಗುವುದಿಲ್ಲ.

ಎಲೆಕ್ಟ್ರಿಷಿಯನ್‌ಗಳ ಹತ್ತಿರ ಇರುವ ಸೀರೀಸ್ ಬೋರ್ಡ್ ಇದಕ್ಕೆ ಸಾಕು. 60 ಅಥವಾ 100 ವ್ಯಾಟಿನ ಹಳೆ ತಂತಿ ಬಲ್ಬಿನ ಮೂಲಕ ಸೆಟ್ಟಿಗೆ ಕರೆಂಟ್ ಕೊಡುವುದು. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರುವುದಿಲ್ಲ. ಬಲ್ಬ್ ಒಂದು ಕ್ಷಣ ಹೊಳೆದು ಮಂಕಾದರೆ ಒಳಗೆ ದೊಡ್ಡ ಶಾರ್ಟ್ ಇಲ್ಲ. ಪೂರ್ತಿ ಬೆಳಕು ಹಾಗೇ ನಿಂತರೆ ತಕ್ಷಣ ಆಫ್ ಮಾಡಿ, ರಿಪೇರಿಗೆ ಕೊಡಿ. ಈ ಪರೀಕ್ಷೆಯ ಹೊತ್ತಿನಲ್ಲಿ ಸ್ಪೀಕರ್ ಜೋಡಿಸಿರಬಾರದು.

ಮೂರು ದಾರಿಗಳಲ್ಲಿ ಏನೇನು ಬರುತ್ತದೆ

ಬರೀ ರಿಪೇರಿ ಅಂದರೆ ವಾಲ್ಯೂಮ್ ತಿರುಗಿಸಿದಾಗ ಬರುವ ಕರಕರ ಸದ್ದು ಹೋಗಿಸುವುದು, ಬಿರುಕು ಬಿಟ್ಟ ಬೆಸುಗೆ (ಡ್ರೈ ಸೋಲ್ಡರ್) ಮತ್ತೆ ಬೆಸೆಯುವುದು, ಸತ್ತ ಚಾನೆಲ್ ಎಬ್ಬಿಸುವುದು, ಬೆಲ್ಟ್ ಹಾಕುವುದು. ಸೆಟ್ಟು ಒಂದೆರಡು ವರ್ಷದ ಹಿಂದಿನವರೆಗೂ ಹಾಡುತ್ತಿತ್ತು ಅಂದರೆ ಬಹುಪಾಲು ಇಷ್ಟೇ ಸಾಕು. ಕರಕರ ಸದ್ದಿಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಬಳಸಬೇಕು. ಬೀಗಕ್ಕೆ, ಬೋಲ್ಟಿಗೆ ಹಾಕುವ ಡಬ್ಲ್ಯೂಡಿ-40 ಹೊಡೆದರೆ ಆ ದಿನ ಸದ್ದು ನಿಲ್ಲುತ್ತದೆ, ಆಮೇಲೆ ಆ ಜಿಡ್ಡಿಗೆ ಧೂಳು ಅಂಟುತ್ತದೆ.

ಒಂದು ಚಾನೆಲ್ ಬಂದು ಹೋಗಿ ಮಾಡುತ್ತಿದೆ, ವಾಲ್ಯೂಮ್ ಜಾಸ್ತಿ ಮಾಡಿದರೆ ಬರುತ್ತದೆ ಅಂದರೆ ಸ್ಪೀಕರ್ ರಿಲೇಯನ್ನು ಮೊದಲು ನೋಡಿಸಿ. ಆನ್ ಮಾಡಿದ ಕೆಲವು ಸೆಕೆಂಡಿಗೆ "ಟಕ್" ಅನ್ನುವ ಭಾಗ ಅದು. ಒಳಗಿನ ಸಂಪರ್ಕ ಕಪ್ಪಾಗಿರುತ್ತದೆ. ಹೊಸ ರಿಲೇ ಹಾಕಿದರೆ ಮುಗಿಯಿತು. ಇಷ್ಟಕ್ಕೇ "ಬೋರ್ಡೇ ಹೋಗಿದೆ" ಅನ್ನುವವರಿದ್ದಾರೆ.

ಪೂರ್ತಿ ಕೆಲಸ ಅಂದರೆ ವಯಸ್ಸಾಗಿ ಹಾಳಾಗುವ ಭಾಗಗಳನ್ನು ಕೆಡುವ ಮೊದಲೇ ಬದಲಾಯಿಸಿ, ಬಯಸ್ (ಹಾಡಿಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರಿನಲ್ಲಿ ಹರಿಯುವ ಸಣ್ಣ ಕರೆಂಟು) ಹೊಂದಿಸಿ, ಅಳತೆ ನೋಡಿ ಕೊಡುವುದು. ಮೂರನೆಯದು ಬದಲಾವಣೆ: ಮೂಲ ವಿನ್ಯಾಸದಲ್ಲಿ ಇಲ್ಲದ್ದನ್ನು ಸೇರಿಸುವುದು ಅಥವಾ ಬೇರೆ ಭಾಗ ಹಾಕುವುದು. ಯಾವ ದಾರಿ ಅನ್ನುವುದು ಸೆಟ್ಟಿನ ಜಾತಿ ನೋಡಿ ನಿರ್ಧಾರವಾಗಬೇಕು. ಆದ್ದರಿಂದ ಒಂದೊಂದನ್ನೇ ನೋಡೋಣ.

ಆಂಪ್ಲಿಫೈಯರ್

ಮುಚ್ಚಳ ತೆಗೆದು ಒಳಗೆ ಇಣುಕಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಹೀಟ್‌ಸಿಂಕಿನ ಮೇಲೆ ಬಿಡಿ ಬಿಡಿ ಟ್ರಾನ್ಸಿಸ್ಟರ್‌ಗಳಿವೆಯೋ, ಇಲ್ಲ ಎಸ್‌ಟಿಕೆ ಅಂತ ಬರೆದ ಉದ್ದನೆಯ ಕಪ್ಪು ಮಾಡ್ಯೂಲ್ ಇದೆಯೋ ನೋಡಿ.

ಬಿಡಿ ಟ್ರಾನ್ಸಿಸ್ಟರಿನ ಸೆಟ್ಟಾದರೆ ಪೂರ್ತಿ ಕೆಲಸಕ್ಕೆ ಯೋಗ್ಯ. ನಮ್ಮ ದೇಶದ ಹಳೆ ಆಂಪ್ಲಿಫೈಯರ್‌ಗಳಲ್ಲಿ 2ಎನ್3055 ಬಹಳ ಕಾಣುತ್ತದೆ. ಅದು ಈಗಲೂ ಸಿಗುತ್ತದೆ. ಆದರೆ ನಕಲಿ ಮಾಲು ಅಷ್ಟೇ ಧಾರಾಳ. ದರ ತೀರಾ ಕಡಿಮೆ ಇದ್ದರೆ ಅನುಮಾನಪಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್ಲವೂ ಸಿಗುತ್ತದೆ, ಅಲ್ಲೂ ನಂಬಿಕೆಯ ಅಂಗಡಿ ನೋಡಿಯೇ ಕೊಳ್ಳಬೇಕು.

ಎಸ್‌ಟಿಕೆ ಮಾಡ್ಯೂಲಿನ ಸೆಟ್ಟಿನ ಲೆಕ್ಕ ಬೇರೆ. 1980ರ ದಶಕದ ಎಷ್ಟೋ ಜಪಾನಿ ಮ್ಯೂಸಿಕ್ ಸಿಸ್ಟಮ್‌ಗಳಲ್ಲಿ ಸಾನ್ಯೋ ಕಂಪನಿಯ ಈ ಮಾಡ್ಯೂಲ್ ಇದೆ. ಮಾಡ್ಯೂಲ್ ಚೆನ್ನಾಗಿದ್ದರೆ ಬರೀ ರಿಪೇರಿ ಮಾಡಿಸಿ ಸಂತೋಷವಾಗಿ ಕೇಳಿ. ಅದು ಸುಟ್ಟಿದ್ದರೆ ಅಸಲಿ ಸಿಗುವುದು ಕಷ್ಟ. ನಕಲಿ ಹಾಕಿದರೆ ಮತ್ತೆ ಸುಡುತ್ತದೆ, ಕೆಲವೊಮ್ಮೆ ಸ್ಪೀಕರನ್ನೂ ಕರೆದುಕೊಂಡು ಹೋಗುತ್ತದೆ. ಅಂಥ ಸೆಟ್ಟಿಗೆ ದೊಡ್ಡ ಮೊತ್ತ ಸುರಿಯುವ ಬದಲು ಬೇರೆ ಆಂಪ್ಲಿಫೈಯರ್ ನೋಡುವುದು ಒಳ್ಳೆಯದು.

ಇನ್ನೂ ಹಳೆಯ ಕೆಲವು ಸೆಟ್ಟುಗಳಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ಇರುತ್ತದೆ: ಎಸಿ128, ಎಸಿ187, ಎಸಿ188, ಎಡಿ161, ಎಡಿ162 ಇಂಥವು. ಅದರ ಜಾಗಕ್ಕೆ ಈಗಿನ ಸಿಲಿಕಾನ್ ಟ್ರಾನ್ಸಿಸ್ಟರ್ ನೇರ ಹಾಕಲು ಬರುವುದಿಲ್ಲ. ಜರ್ಮೇನಿಯಂ ಸುಮಾರು 0.2-0.3 ವೋಲ್ಟಿಗೆ ಎಚ್ಚರವಾಗುತ್ತದೆ, ಸಿಲಿಕಾನಿಗೆ 0.6-0.7 ವೋಲ್ಟ್ ಬೇಕು. ಇಂಥ ಸೆಟ್ಟಿನಲ್ಲಿ ಮುಟ್ಟುವುದು ಕಡಿಮೆಯಾದಷ್ಟೂ ಲೇಸು.

ಪೂರ್ತಿ ಕೆಲಸ ಮಾಡಿಸುವವರು ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಎಲ್ಲ ಕಂಡೆನ್ಸರೂ ತೆಗೆಯಬೇಡಿ. ಒಣಗಿ ಹೋಗುವುದು ಎಲೆಕ್ಟ್ರೋಲಿಟಿಕ್ ಮಾತ್ರ. ಸೆರಾಮಿಕ್ ಬಿಲ್ಲೆಗಳೂ ಪ್ಲಾಸ್ಟಿಕ್ ಫಿಲ್ಮಿನವೂ ಸಾಮಾನ್ಯವಾಗಿ ಸೆಟ್ಟಿನಷ್ಟೇ ಕಾಲ ಬಾಳುತ್ತವೆ. ಹೊಸದು ಹಾಕುವಾಗ ಅದೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಜಾಸ್ತಿ ವೋಲ್ಟೇಜ್, ಮತ್ತು 105 ಡಿಗ್ರಿಯದ್ದು ಇರಲಿ. ಹಳೆಯವು 85 ಡಿಗ್ರಿಯವು. ಶಾಖ 10 ಡಿಗ್ರಿ ಕಡಿಮೆಯಾದರೆ ಎಲೆಕ್ಟ್ರೋಲಿಟಿಕ್ಕಿನ ಆಯಸ್ಸು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಅನ್ನುವುದು ಈ ಕಸುಬಿನ ಲೆಕ್ಕ. ನಿಚಿಕಾನ್, ಪ್ಯಾನಸೋನಿಕ್, ರೂಬಿಕಾನ್ ಒಳ್ಳೆಯವು. ಕಣ್ಣೂರಿನ ಕೆಲ್ಟ್ರಾನ್ ಕಾರ್ಖಾನೆಯ ಕಂಡೆನ್ಸರೂ ಇದೆ.

ಮುಖ್ಯ ಫಿಲ್ಟರ್ ಕಂಡೆನ್ಸರನ್ನು ದುಪ್ಪಟ್ಟು ಮಾಡಿದರೆ ಬಾಸ್ ದುಪ್ಪಟ್ಟಾಗುತ್ತದೆ ಅನ್ನುವ ನಂಬಿಕೆ ಮೆಕ್ಯಾನಿಕ್‌ಗಳಲ್ಲೂ ಇದೆ. ಹಾಗಾಗುವುದಿಲ್ಲ. ಸ್ವಿಚ್ ಹಾಕಿದ ಕ್ಷಣ ಎಳೆಯುವ ಕರೆಂಟ್ ಜಾಸ್ತಿಯಾಗಿ ಡಯೋಡು, ಸ್ವಿಚ್ಚು ಬೇಗ ಹಾಳಾಗುತ್ತವೆ ಅಷ್ಟೆ.

ಎಪ್ಪತ್ತರ ದಶಕದ ಜಪಾನಿ ಸೆಟ್ಟಿನಲ್ಲಿ ಸಂಗೀತದ ಹಿಂದೆ ಸಾಸಿವೆ ಸಿಡಿದ ಹಾಗೆ ಸಣ್ಣ ಸದ್ದು ಬರುತ್ತಿದ್ದರೆ ಕಂಡೆನ್ಸರ್ ಬದಲಾಯಿಸಿ ಪ್ರಯೋಜನವಿಲ್ಲ. 2ಎಸ್‌ಸಿ458, 2ಎಸ್‌ಎ726 ಥರದ ಸಣ್ಣ ಸಿಗ್ನಲ್ ಟ್ರಾನ್ಸಿಸ್ಟರ್‌ಗಳು ವಯಸ್ಸಾದಂತೆ ಗಲಾಟೆ ಮಾಡುತ್ತವೆ. ಅವುಗಳನ್ನು ತೆಗೆದು ಕೆಎಸ್‌ಸಿ1845, ಕೆಎಸ್‌ಎ992 ಹಾಕುವುದು ವಾಡಿಕೆ. ಕಾಲುಗಳ ಕ್ರಮ ಬೇರೆ ಇರುತ್ತದೆ, ಡೇಟಾಶೀಟ್ ನೋಡಿಯೇ ಬೆಸೆಯಬೇಕು. ಕಂಡೆನ್ಸರ್ ಬುಡದಲ್ಲಿ ಕಂದು ಬಣ್ಣದ ಗಟ್ಟಿ ಅಂಟು ಕಂಡರೆ ಅದನ್ನೂ ಕೆರೆದು ತೆಗೆಸಿ. ಹೊಸದರಲ್ಲಿ ಹಳದಿಯಾಗಿದ್ದ ಆ ಅಂಟು ಹಳತಾದಂತೆ ಅಕ್ಕಪಕ್ಕದ ಭಾಗಗಳ ಕಾಲುಗಳನ್ನೇ ತಿನ್ನುತ್ತದೆ.

ಬದಲಾವಣೆಯ ವಿಷಯಕ್ಕೆ ಬಂದರೆ, ವಾಪಸ್ ಮಾಡಬಹುದಾದ ಬದಲಾವಣೆ ಮಾತ್ರ ಮಾಡಿಸಿ ಅನ್ನುತ್ತೇನೆ. ಫಿಲಿಪ್ಸ್ ಸೆಟ್ಟಿನ ಹಿಂದೆ 5 ಪಿನ್ನಿನ ಗುಂಡನೆಯ ಡಿನ್ ಸಾಕೆಟ್ ಇದೆ, ನಿಮ್ಮ ಪ್ಲೇಯರಿನಲ್ಲಿ ಆರ್‌ಸಿಎ ಪಿನ್ ಇದೆ. ಅದಕ್ಕೆ ಹಿಂಬದಿಯ ತಗಡು ಕೊರೆಯಬೇಕಾಗಿಲ್ಲ. ಡಿನ್‌ನಿಂದ ಆರ್‌ಸಿಎಗೆ ಒಂದು ವೈರ್ ಮಾಡಿಸಿಕೊಳ್ಳಿ. ಪಿನ್ 2 ಅರ್ಥ್, 3 ಮತ್ತು 5 ಎಡ-ಬಲ. ಫೋನಿನ ಹಾಡು ಕೇಳಬೇಕೆಂದರೆ ಬ್ಲೂಟೂತ್ ರಿಸೀವರನ್ನು ಹೊರಗಿಟ್ಟು ಆಕ್ಸ್‌ಗೆ ಜೋಡಿಸಿ. ಒಳಗೆ ತುರುಕುವುದು ಬೇಡ.

ಜಪಾನಿನ ಸೆಟ್ಟು, ನಮ್ಮ ಕರೆಂಟು

ಇದನ್ನು ನೋಡದೆ ಕೊಂಡವರು ಬಹಳ ಜನ. ಹಿಂದೆ ಸುಲಭಕ್ಕೆ ಸಿಗದಿದ್ದ ಜಪಾನಿ ಮಾಲು ಈಗ ಆನ್‌ಲೈನಿನಲ್ಲಿ ಮನೆಗೇ ಬರುತ್ತದೆ. ಹಿಂಬದಿಯಲ್ಲಿ ವೋಲ್ಟೇಜ್ ಬದಲಾಯಿಸುವ ಸ್ವಿಚ್ ಇದ್ದರೆ ಅದು ರಫ್ತಿನ ಮಾಡೆಲ್. 220, 240 ಎರಡೂ ಇದ್ದರೆ 240ಕ್ಕೆ ಇಡಿ. ಬರೀ 100 ವೋಲ್ಟ್ ಅಂತ ಇದ್ದರೆ ಅದು ಜಪಾನಿನ ಒಳಗೇ ಮಾರಿದ್ದು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅದನ್ನು ನಮ್ಮ 230 ವೋಲ್ಟಿಗೆ ಹಾಕಿದರೆ ಅಲ್ಲಿಗೇ ಮುಗಿಯಿತು.

ಅಂಥ ಸೆಟ್ಟಿನ ರೇಡಿಯೋ ಇನ್ನೊಂದು ತೊಡಕು. ಜಪಾನಿನ ಹಳೆ ಎಫ್‌ಎಂ 76ರಿಂದ 90 ಮೆಗಾಹರ್ಟ್ಸ್‌ವರೆಗೆ ಮಾತ್ರ. ಮೈಸೂರು ಆಕಾಶವಾಣಿ ಇರುವುದು 100.6ರಲ್ಲಿ. ಮುಳ್ಳು ಅಲ್ಲಿಗೆ ಹೋಗುವುದೇ ಇಲ್ಲ. ಆಂಪ್ಲಿಫೈಯರ್ ಆದರೆ ಸ್ಟೆಪ್‌ಡೌನ್ ಇಟ್ಟು ಬಳಸಬಹುದು, ಟ್ಯೂನರ್ ಆದರೆ ಬಿಟ್ಟುಬಿಡಿ.

ಮಂಡ್ಯದ ಹಳ್ಳಿಗಳಲ್ಲಿ ಪಂಪ್‌ಸೆಟ್ ಓಡುವಾಗ ವೋಲ್ಟೇಜ್ ಇಳಿದು, ನಿಂತಾಗ ಏರುವ ಕಡೆ ಯಾವ ಸೆಟ್ಟಿಗೇ ಆಗಲಿ ಮೊದಲ ಖರ್ಚು ಸ್ಟೆಬಿಲೈಸರ್.

ವಾಲ್ವ್ ರೇಡಿಯೋ

ಮೈಸೂರಿಗೂ ರೇಡಿಯೋಗೂ ಇರುವ ನಂಟು ದೊಡ್ಡದು. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಆಕಾಶವಾಣಿ ಅನ್ನುವ ಹೆಸರು ದೇಶದ ರೇಡಿಯೋಗೆ ಬಂದದ್ದು ಇಲ್ಲಿಂದ. ಆದ್ದರಿಂದ ಈ ಊರಿನ ವಾಲ್ವ್ ರೇಡಿಯೋ ಒಳಗಿನ ಚಾಸಿ (ಭಾಗಗಳೆಲ್ಲ ಕೂತಿರುವ ಲೋಹದ ಚೌಕಟ್ಟು) ಕಿತ್ತು ಬ್ಲೂಟೂತ್ ಬೋರ್ಡ್ ಕೂರಿಸುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಪೆಟ್ಟಿಗೆ ಉಳಿಯುತ್ತದೆ, ರೇಡಿಯೋ ಹೋಗುತ್ತದೆ.

ವಾಲ್ವ್ ಸೆಟ್ಟಿಗೆ ಬರೀ ರಿಪೇರಿ ಸಾಲುವುದಿಲ್ಲ, ಪೂರ್ತಿ ಕೆಲಸವೂ ಬೇಕಾಗಿಲ್ಲ. ನಡುವಿನ ದಾರಿ ಇದೆ. ಮೇಣ ಬಳಿದ ಪೇಪರ್ ಕಂಡೆನ್ಸರ್‌ಗಳನ್ನೆಲ್ಲ ತೆಗೆದು 630 ವೋಲ್ಟಿನ ಪಾಲಿಪ್ರೊಪಿಲೀನ್ ಹಾಕಿಸಿ. ಅದರಲ್ಲೂ ಔಟ್‌ಪುಟ್ ವಾಲ್ವಿನ ಗ್ರಿಡ್‌ಗೆ (ಒಳಗಿನ ಕರೆಂಟನ್ನು ಹಿಡಿತದಲ್ಲಿಡುವ ಜಾಲರಿಗೆ) ಹೋಗುವ ಒಂದು ಕಂಡೆನ್ಸರನ್ನು ಬಿಡಲೇಬಾರದು. ಅದು ಸ್ವಲ್ಪ ಸೋರಿದರೂ ಗ್ರಿಡ್‌ಗೆ ಪಾಸಿಟಿವ್ ವೋಲ್ಟೇಜ್ ಸೇರಿ, ಇಎಲ್84 ಥರದ ಆ ವಾಲ್ವ್ ಕೆಂಪಗೆ ಕಾಯ್ದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಸುಡುತ್ತದೆ. ಫಿಲ್ಟರ್ ಕಂಡೆನ್ಸರ್, ಮೇನ್ಸ್ ವೈರ್ ಇವೂ ಹೊಸದಾಗಲಿ. ವಾಲ್ವ್‌ಗಳನ್ನು ಸುಮ್ನೆ ಬದಲಾಯಿಸಬೇಡಿ, ಹೆಚ್ಚಿನವು ಇನ್ನೂ ಗಟ್ಟಿಯಾಗಿರುತ್ತವೆ.

ಜೀವಕ್ಕೆ ಸಂಬಂಧಪಟ್ಟ ಮಾತೊಂದಿದೆ. ವಾಲ್ವಿನ ನಂಬರ್ 'ಇ' ಇಂದ ಶುರುವಾಗುತ್ತದೋ 'ಯು' ಇಂದಲೋ ನೋಡಿ. ಇಸಿಎಚ್81, ಇಎಲ್84 ಇದ್ದರೆ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟು. ಯುಸಿಎಚ್81, ಯುಎಲ್84, ಯುವೈ85 ಇದ್ದರೆ ಅದು ಎಸಿ/ಡಿಸಿ ಸೆಟ್ಟು. ಅದರ ಚಾಸಿ ನೇರ ಮೇನ್ಸಿಗೆ ಸೇರಿರುತ್ತದೆ. ಪ್ಲಗ್ ತಿರುಗಿಸಿ ಹಾಕಿದರೆ ಚಾಸಿಯಲ್ಲೇ ಫೇಸ್ ಇರುತ್ತದೆ. ಅದರ ಹಿಂದಿನ ಪಿಕಪ್ ಸಾಕೆಟ್ಟಿಗೆ ಫೋನ್ ಜೋಡಿಸಬಾರದು, ಗುಬುಟು ಬಿಚ್ಚಿದ ಕಡ್ಡಿಯನ್ನು ಮುಟ್ಟಬಾರದು. ಟ್ರಾನ್ಸ್‌ಫಾರ್ಮರ್ ಸೆಟ್ಟಾದರೂ ಒಳಗೆ 250 ವೋಲ್ಟಿನ ಆಸುಪಾಸು ಡಿಸಿ ಇದೆ, ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ನಿಂತಿರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಹಿಂದಿನ ರಟ್ಟಿನ ಮುಚ್ಚಳ ಹಾಕಿಯೇ ಇಡಿ.

ಇವುಗಳಲ್ಲಿ ಬಹುಪಾಲು ಮೀಡಿಯಂ ವೇವ್, ಶಾರ್ಟ್ ವೇವ್ ಮಾತ್ರ. ಎಫ್‌ಎಂ ಸಿಗುವುದಿಲ್ಲ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ಗೆ ಟ್ಯೂನ್ ಮಾಡಿ ನೋಡಿ. ಹತ್ತಿರದ ಎಲ್‌ಇಡಿ ಬಲ್ಬು, ಚಾರ್ಜರ್ ಆರಿಸಿದರೆ ಗೊರಗೊರ ಬಹಳ ಕಡಿಮೆಯಾಗುತ್ತದೆ.

ರೆಕಾರ್ಡ್ ಪ್ಲೇಯರ್

ಇಲ್ಲಿ ಬದಲಾವಣೆಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಎಚ್‌ಎಂವಿ ಸೂಟ್‌ಕೇಸ್ ಪ್ಲೇಯರ್‌ಗಳಲ್ಲಿ ಸೆರಾಮಿಕ್ ಅಥವಾ ಕ್ರಿಸ್ಟಲ್ ಕಾರ್ಟ್ರಿಜ್ (ಮುಳ್ಳನ್ನು ಹಿಡಿದು ಅದರ ಅಲುಗಾಟವನ್ನು ಸಿಗ್ನಲ್ ಮಾಡುವ ಭಾಗ) ಇರುತ್ತದೆ. ಮುಳ್ಳು ತಟ್ಟೆಯ ಮೇಲೆ 5 ಗ್ರಾಂ ಆಚೀಚೆ ಭಾರ ಹಾಕುತ್ತದೆ. ಈಗಿನ ಮ್ಯಾಗ್ನೆಟಿಕ್ ಕಾರ್ಟ್ರಿಜ್, ಉದಾಹರಣೆಗೆ ಆಡಿಯೋ-ಟೆಕ್ನಿಕಾದ ವಿಎಂ95ಇ, ಸುಮಾರು 2 ಗ್ರಾಮಿಗೆ ಹಾಡುತ್ತದೆ. ಒಳ್ಳೆಯ ಎಲ್‌ಪಿ ಇದ್ದರೆ ಸೂಟ್‌ಕೇಸ್ ಪ್ಲೇಯರನ್ನು ನೆನಪಿಗೆ ಇಟ್ಟುಕೊಂಡು, ಕೇಳಲು ಬೇರೆ ಟರ್ನ್‌ಟೇಬಲ್ ಕೊಳ್ಳಿ. ಸೂಟ್‌ಕೇಸಿಗೇ ಮ್ಯಾಗ್ನೆಟಿಕ್ ಹಾಕಿಸುತ್ತೇನೆ ಅಂದರೆ ಆಗುವುದಿಲ್ಲ. ಅದರ ಕೈ ಅಷ್ಟು ಹಗುರ ಭಾರಕ್ಕೆ ಮಾಡಿದ್ದಲ್ಲ, ಮೇಲಾಗಿ ಅದರ ಸಣ್ಣ ಸಿಗ್ನಲನ್ನು ಹಿಗ್ಗಿಸಲು 47 ಕಿಲೋಓಮಿನ ಫೋನೋ ಪ್ರೀಆಂಪ್ ಬೇರೆ ಬೇಕು.

ಹಳೆಯ ಟರ್ನ್‌ಟೇಬಲ್ ಕೊಳ್ಳುವುದಾದರೆ ಮೂರು ಜಾತಿ. ರಬ್ಬರ್ ಚಕ್ರದ್ದು ಬಲವಾಗಿ ತಿರುಗುತ್ತದೆ, ಆದರೆ ಚಕ್ರ ಗಟ್ಟಿಯಾದರೆ ಗುಡುಗುಡು ಸದ್ದು ತರುತ್ತದೆ. ಬೆಲ್ಟಿನದ್ದು ಸದ್ದಿಲ್ಲದ್ದು, ಬೆಲ್ಟ್ ಬದಲಾವಣೆ ಮನೆಯಲ್ಲೇ ಆಗುತ್ತದೆ. ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ. ಡೈರೆಕ್ಟ್ ಡ್ರೈವ್, ಅಂದರೆ ಟೆಕ್ನಿಕ್ಸ್ ಎಸ್‌ಎಲ್-1200 ಥರದ್ದು, ವೇಗದಲ್ಲಿ ಬಹಳ ನಿಖರ. ಆದರೆ ಒಳಗಿನ ಬೋರ್ಡ್ ಕೆಟ್ಟರೆ ಅದು ಬಲ್ಲವರ ಕೆಲಸ.

ಅಮೆರಿಕದಿಂದ ಬಂದ ಬೆಲ್ಟ್ ಪ್ಲೇಯರಿನಲ್ಲಿ ಎಸಿ ಮೋಟಾರ್ ಇದ್ದರೆ ಹುಷಾರು. ಅದು 60 ಹರ್ಟ್ಸ್‌ಗೆ ಮಾಡಿದ್ದು. ನಮ್ಮ 50 ಹರ್ಟ್ಸ್‌ನಲ್ಲಿ 33⅓ರ ಬದಲು ನಿಮಿಷಕ್ಕೆ ಸುಮಾರು 27.8 ಸುತ್ತು ತಿರುಗುತ್ತದೆ. ಶ್ರುತಿ ಮೂರು ಸ್ವರಸ್ಥಾನಕ್ಕಿಂತ ಸ್ವಲ್ಪ ಜಾಸ್ತಿಯೇ ಕೆಳಗೆ ಬೀಳುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇದನ್ನು ಸರಿಮಾಡುವುದಿಲ್ಲ, 50 ಹರ್ಟ್ಸ್‌ನ ಪುಲ್ಲಿಯೇ ಬೇಕು.

ವೇಗ ಪರೀಕ್ಷಿಸಲು 33⅓ಕ್ಕೆ 180 ಗೆರೆಗಳಿರುವ ಸ್ಟ್ರೋಬ್ ಹಾಳೆ ಪ್ರಿಂಟ್ ಮಾಡಿ ತಟ್ಟೆಯ ಮೇಲಿಡಿ. ಚೋಕ್ ಇರುವ ಹಳೆ ಟ್ಯೂಬ್‌ಲೈಟ್ ಕೆಳಗೆ ಗೆರೆಗಳು ನಿಂತಂತೆ ಕಂಡರೆ ವೇಗ ಸರಿ. ಕಿವಿಯ ಪರೀಕ್ಷೆಗೆ ವೀಣೆಯ ಎಲ್‌ಪಿಗಿಂತ ಒಳ್ಳೆಯದು ಇಲ್ಲ. ಮೈಸೂರು ದೊರೆಸ್ವಾಮಿ ಅಯ್ಯಂಗಾರರ ತಟ್ಟೆ ಇದ್ದರೆ ನಿಧಾನದ ಆಲಾಪನೆ ಹಾಕಿ, ಒಂದು ಮೀಟು ಎಳೆದು ನಿಲ್ಲುವ ಕಡೆ ಕೇಳಿ. ವೇಗ ಅಲುಗಾಡುತ್ತಿದ್ದರೆ ಅಲ್ಲಿ ಸ್ವರ ನಡುಗುತ್ತದೆ. ಗಮಕ ಯಾವುದು, ಮೋಟಾರಿನ ನಡುಕ ಯಾವುದು ಅನ್ನುವುದು ಸಂಗೀತ ಕೇಳುವ ಕಿವಿಗೆ ಗೊತ್ತಾಗುತ್ತದೆ.

78ರ ತಟ್ಟೆಗಳಿದ್ದರೆ ಅದಕ್ಕೆ ಬೇರೆಯೇ ಮುಳ್ಳು ಬೇಕು. ಎಲ್‌ಪಿ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್, 78ರದ್ದು 65-75. ಎಲ್‌ಪಿ ಮುಳ್ಳು 78ರ ತಟ್ಟೆಯ ಅಗಲವಾದ ಗೀರಿನ ತಳಕ್ಕೆ ಹೋಗಿ ಬರೀ ಕೊರೆತದ ಸದ್ದು ತರುತ್ತದೆ. ಚೌಡಯ್ಯನವರ ಕಾಲದ ಸಂಗೀತ ಇರುವುದು ಈ ತಟ್ಟೆಗಳಲ್ಲೇ. ಜಯಚಾಮರಾಜ ಒಡೆಯರ್ ಹಣ ಕೊಟ್ಟು ರಷ್ಯಾದ ನಿಕೊಲಾಯ್ ಮೆಟ್ನರ್ ಅವರ ಸಂಗೀತ ರೆಕಾರ್ಡ್ ಮಾಡಿಸಿದರಲ್ಲ, ಅದು ಮೊದಲು ಹೊರಬಂದದ್ದೂ 78ರಲ್ಲೇ. ಅಂಥವನ್ನು ಕೇಳಲು ಒಂದು ಮುಳ್ಳಿನ ಖರ್ಚು ದೊಡ್ಡದಲ್ಲ.

ಕ್ಯಾಸೆಟ್ ಡೆಕ್

ಬೆಲ್ಟ್, ಟೇಪ್ ಎಳೆಯುವ ಪಿಂಚ್ ರೋಲರ್, ಟೇಪ್ ಓದುವ ಹೆಡ್ಡಿನ ಶುಚಿ. ಇಷ್ಟೇ ರಿಪೇರಿ, ಇಷ್ಟಕ್ಕೆ ಡೆಕ್ ಎದ್ದರೆ ಇಟ್ಟುಕೊಳ್ಳಿ. ಹಳೆ ಬೆಲ್ಟ್ ಕರಗಿ ಡಾಂಬರಾಗಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಪುಲ್ಲಿಯಿಂದ ಪೂರ್ತಿ ಒರೆಸಬೇಕು. ಹೆಡ್ ಸವೆದು ಹಳ್ಳ ಬಿದ್ದಿದ್ದರೆ ಆ ಡೆಕ್ ಬಿಡಿ. ಮನೆಯ ಮದುವೆ, ಸಂಗೀತ ಕಚೇರಿ ರೆಕಾರ್ಡ್ ಆಗಿರುವ ಕ್ಯಾಸೆಟ್ ಇದ್ದರೆ ಡೆಕ್ ಸರಿಯಾದ ವಾರವೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಸ್ಪೀಕರ್

ಕೋನ್ ಸುತ್ತಲಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ. ಫೋಮ್ ಆಗಿದ್ದರೆ ಪುಡಿಪುಡಿಯಾಗುತ್ತದೆ. ಬಟ್ಟೆ ಅಥವಾ ರಬ್ಬರ್ ಆದರೆ ಇನ್ನೂ ಚೆನ್ನಾಗಿರುತ್ತದೆ. ಅಂಚು ಮಾತ್ರ ಹೋಗಿದ್ದರೆ ಅದೇ ಅಳತೆಯ ಹೊಸ ಅಂಚು ಅಂಟಿಸಿಸಿ, ಕೋನ್ ಬದಲಾಯಿಸಬೇಡಿ. ಶಾಮಿಯಾನ ಸೌಂಡ್ ಸರ್ವಿಸಿನ ಸ್ಪೀಕರ್ ಸರಿಮಾಡುವವರಿಗೆ ಕೊಟ್ಟರೆ ಗಟ್ಟಿ ಕಾಗದದ ಹೊಸ ಕೋನ್ ಹಾಕಿ ಕೊಡುತ್ತಾರೆ. ಜಾತ್ರೆಗೆ ಅದು ಸರಿ, ಮನೆಯ ಸ್ಪೀಕರಿನ ಸ್ವಭಾವವೇ ಅದರಿಂದ ಬದಲಾಗುತ್ತದೆ. ಪೆಟ್ಟಿಗೆಯೊಳಗಿನ ಕ್ರಾಸ್‌ಓವರಿನ (ದೊಡ್ಡ, ಸಣ್ಣ ಸ್ಪೀಕರುಗಳಿಗೆ ಸದ್ದು ಹಂಚುವ ಬೋರ್ಡಿನ) ನಾನ್-ಪೋಲಾರ್ ಎಲೆಕ್ಟ್ರೋಲಿಟಿಕ್ ತೆಗೆದು ಅದೇ ಮೌಲ್ಯದ ಫಿಲ್ಮ್ ಕಂಡೆನ್ಸರ್ ಹಾಕಿಸಿದರೆ ಮೇಲಿನ ಸ್ವರಗಳು ತಿಳಿಯಾಗುತ್ತವೆ. ಕಡಿಮೆ ಖರ್ಚಿನಲ್ಲಿ ಕಿವಿಗೆ ಗೊತ್ತಾಗುವ ಸುಧಾರಣೆ ಇದು.

ಹೊಸ ಸ್ಪೀಕರ್ ಕೊಳ್ಳುವುದಾದರೆ ವ್ಯಾಟಿನ ಸಂಖ್ಯೆ ನೋಡಬೇಡಿ, ಸೆನ್ಸಿಟಿವಿಟಿ, ಅಂದರೆ ಅಷ್ಟೇ ಪವರಿಗೆ ಎಷ್ಟು ಜೋರಾಗಿ ಹಾಡುತ್ತದೆ ಅನ್ನುವುದನ್ನು ನೋಡಿ. 85 ಡೆಸಿಬಲ್ ಸ್ಪೀಕರಿಗೆ 88ರದ್ದರ ಎರಡರಷ್ಟು ಪವರ್ ಬೇಕು. ನಿಮ್ಮ ಹಳೆ ಆಂಪ್ಲಿಫೈಯರ್ 15-20 ವ್ಯಾಟಿನದ್ದಾದರೆ 88-90 ಇರುವ ಜೋಡಿ ತನ್ನಿ. ಸಾಧಾರಣ ಹಾಲಿಗೆ ಬೇಕಾದಷ್ಟಾಯಿತು. 40 ವ್ಯಾಟಿನ ಆಂಪ್ಲಿಫೈಯರ್ ತಂದರೂ 20ರದ್ದಕ್ಕಿಂತ ಬರೀ 3 ಡೆಸಿಬಲ್ ಜಾಸ್ತಿ.

ಯಾರ ಕೈಗೆ ಕೊಡುವುದು

ಮೈಸೂರು, ಮಂಡ್ಯ ಎರಡೂ ಕಡೆ ರೇಡಿಯೋ ಕಾಲದ ಹಿರಿಯ ಮೆಕ್ಯಾನಿಕ್‌ಗಳು ಇನ್ನೂ ಒಬ್ಬಿಬ್ಬರು ಸಿಗುತ್ತಾರೆ. ಮೊದಲು ಅವರ ಹತ್ತಿರ ಹೋಗಿ. "ಅಣ್ಣಾ, ಆಫ್‌ಸೆಟ್ ನೋಡಿದ್ರಾ? ಬಯಸ್ ಎಷ್ಟಿಟ್ಟಿದ್ದೀರ?" ಅಂತ ಕೇಳಿ. ಕೆಲಸ ಬಲ್ಲವರು ಬೇಜಾರಾಗದೆ ಮೀಟರ್ ಇಟ್ಟು ತೋರಿಸುತ್ತಾರೆ. ಆಫ್‌ಸೆಟ್, ಅಂದರೆ ಸ್ಪೀಕರ್ ಟರ್ಮಿನಲ್‌ನಲ್ಲಿ ಬರುವ ಡಿಸಿ, 50 ಮಿಲಿವೋಲ್ಟಿನ ಒಳಗಿದ್ದರೆ ಮನೆಗೆ ತರಬಹುದು. 100 ದಾಟಿದ್ದರೆ ಅಲ್ಲೇ ಬಿಟ್ಟು ಬನ್ನಿ. ಬಯಸ್ ಎಷ್ಟಿರಬೇಕು ಅನ್ನುವುದು ಆ ಮಾಡೆಲಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಹುಡುಕಿ ಪ್ರಿಂಟ್ ಮಾಡಿ ನೀವೇ ಕೊಡಿ.

ಎಲ್ಲ ಬೋರ್ಡನ್ನೂ ಒಟ್ಟಿಗೆ ಬಿಚ್ಚಬಾರದು. ಒಂದು ಬೋರ್ಡ್ ಮುಗಿಸಿ, ಹಾಡಿಸಿ ನೋಡಿ, ಆಮೇಲೆ ಮುಂದಿನದು. ಇಲ್ಲವಾದರೆ ಒಂದು ಕಂಡೆನ್ಸರ್ ತಿರುಗಾಮುರುಗಾ ಕೂತಿದ್ದರೂ ತಪ್ಪು ಎಲ್ಲಿದೆ ಅಂತ ಹುಡುಕಲು ಆಗುವುದಿಲ್ಲ. ಕೊಡುವ ಮೊದಲು ಒಳಗಿನ ಫೋಟೋ ತೆಗೆದಿಟ್ಟುಕೊಳ್ಳಿ. ತೆಗೆದ ಹಳೆ ಭಾಗಗಳನ್ನು ಒಂದು ಕವರಿನಲ್ಲಿ ಹಾಕಿ ಸೆಟ್ಟಿನ ಜೊತೆ ಕೊಡಲು ಮೊದಲೇ ಹೇಳಿಡಿ. ಮುಂದೆ ಯಾರೇ ಮುಚ್ಚಳ ತೆಗೆದರೂ ಯಾವ ಜಾಗದಲ್ಲಿ ಏನಿತ್ತು ಅಂತ ಅವರಿಗೆ ಗೊತ್ತಾಗುತ್ತದೆ.